ಬುಕ್ಕಸಾಗರದ ನೀರು, ಪಲ್ಲವಿಯ ಪುಡಿ

ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಮೊದಲು ಕೇಳಿಬರುತ್ತಿದ್ದ ಹೆಸರು ಪಲ್ಲವಿ. ಹಲ್ಲುಜ್ಜುವಾಗ ಪಲ್ಲವಿ, ಚಹಾ ಕುಡಿಯುವಾಗ ಪಲ್ಲವಿ, ರೊಟ್ಟಿ ಮುರಿಯುವಾಗಲೂ ಪಲ್ಲವಿ. "ಪಲ್ಲವಿಗೆ ಮತ್ತೊಂದು ಪ್ರಾಜೆಕ್ಟ್ ಕೊಟ್ಟಾರಂತ." "ಪಲ್ಲವಿ ಫೋಟೊ ಪೇಪರ್‌ನ್ಯಾಗ ಬಂದೈತಿ, ನೋಡಿದೇನು?" ಹೀಗೆ ನನ್ನ ಗಂಡ ಮಹಾಂತೇಶ ದಿನವಿಡೀ ಜಪ ಮಾಡುತ್ತಿದ್ದರು. ಯಾವ ಹೆಂಡತಿ ಸುಮ್ಮನಿರುತ್ತಾಳೆ ಹೇಳಿ? ನಾನೂ ಇರಲಿಲ್ಲ. ಒಂದು ದಿನ ಅವರು ಸ್ನಾನಕ್ಕೆ ಹೋದದ್ದೇ ತಡ, ಫೋನ್ ತೆಗೆದು ನೋಡಿದೆ.

ಪಲ್ಲವಿಯ ಫೋಟೊ ಇತ್ತು, ಸುಳ್ಳಲ್ಲ. ಆದರೆ ಫೋಟೊದ ಪಕ್ಕದಲ್ಲಿ ಪ್ರೇಮದ ಮಾತು ಒಂದೂ ಇರಲಿಲ್ಲ, ಬರೀ ಅಂಕಿಗಳಿದ್ದವು. ಅವಳ ಸಂಶೋಧನೆಯನ್ನು ಜಗತ್ತಿನಲ್ಲಿ ಎಷ್ಟು ಜನ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಪುಟವಂತೆ ಅದು. ಹೊತ್ತುಹೊತ್ತಿಗೆ ಆ ಪುಟ ತೆಗೆದು ಅಂಕಿ ಏರಿದೆಯೇ ಎಂದು ನೋಡುವುದು ನನ್ನ ಗಂಡನ ಕೆಲಸ. ಏರಿದ ದಿನ ಊಟ ಸೇರುತ್ತಿರಲಿಲ್ಲ. ಪ್ರೇಮವಾಗಿದ್ದರೆ ನಾಲ್ಕು ಮಾತು ಬೈದು, ಎರಡು ದಿನ ತವರಿಗೆ ಹೋಗಿ ಬಂದು ಮುಗಿಸುತ್ತಿದ್ದೆ. ಇದು ಹೊಟ್ಟೆಕಿಚ್ಚು. ಇದಕ್ಕೆ ಮದ್ದು ನನ್ನ ಹತ್ತಿರ ಇರಲಿಲ್ಲ.

ಹಾಗಂತ ನನ್ನ ಸವತಿ ಮತ್ಸರವೇನೂ ಇಳಿಯಲಿಲ್ಲ. ಗಂಡನ ತಲೆಯೊಳಗೆ ಇನ್ನೊಬ್ಬಳು ಇಷ್ಟು ಜಾಗ ಹಿಡಿದು ಕೂತಿದ್ದರೆ, ಅದು ಪ್ರೀತಿಯಿಂದಲೋ ದ್ವೇಷದಿಂದಲೋ, ಹೋದ ಜಾಗ ಹೋದದ್ದೇ. ಹೋದ ಚಳಿಗಾಲದಲ್ಲಿ ಅವಳ ಫೋನ್ ಬೇರೆ ಬರತೊಡಗಿತು. ಇವರು ಸ್ನಾನದಲ್ಲಿದ್ದಾಗಲೋ ಹಾಲು ತರಲು ಹೋದಾಗಲೋ ಬರುವುದು. ಪರದೆಯ ಮೇಲೆ 'ಪಲ್ಲವಿ ಲ್ಯಾಬ್' ಎಂದು ಮಿಣಮಿಣ ಹೊಳೆಯುವುದು. ನಾನು ಕಟ್ ಮಾಡಿದೆ. ಮರುದಿನ ಮತ್ತೆ ಬಂತು, ಮತ್ತೆ ಕಟ್ ಮಾಡಿದೆ, ಬಂದ ಗುರುತೂ ಉಳಿಯದಂತೆ ಅಳಿಸಿಹಾಕಿದೆ. ಇಷ್ಟು ದಿನ ಹೊಟ್ಟೆ ಉರಿಸಿದ್ದು ಸಾಲದೆಂದು ದನಿಯನ್ನೂ ಕೇಳಿಸಬೇಕೇ? ಏನು ತಪ್ಪು ಮಾಡಿದೆ ನಾನು?

ನನ್ನ ಹೆಸರು ಗಂಗಾಂಬಿಕಾ. ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ರಸಾಯನಶಾಸ್ತ್ರಕ್ಕೂ ನನಗೂ ಹತ್ತನೇ ಕ್ಲಾಸಿಗೇ ಋಣ ತೀರಿತು. ತವರು ಬುಕ್ಕಸಾಗರ, ಕಂಪ್ಲಿ ರಸ್ತೆಯಲ್ಲಿ. ಹೊಳೆ ಕೂಗಳತೆಯಲ್ಲಿದೆ, ಆದರೆ ಅದರ ನೀರು ಸೋಸಿ ಕೊಡುವ ಪೈಪು ನಮ್ಮ ಓಣಿಗೆ ಇನ್ನೂ ಬಂದಿಲ್ಲ. ನಲ್ಲಿಯಲ್ಲಿ ಬರುವುದು ಭತ್ತದ ಗದ್ದೆಯ ನಡುವಿನ ಬೋರ್‌ವೆಲ್ ನೀರು, ಅದರ ತುಂಬ ಫ್ಲೋರೈಡ್. ಮಕ್ಕಳ ಹಲ್ಲಿಗೆ ಕಂದು ಗೆರೆ, ದೊಡ್ಡವರಿಗೆ ಮಂಡಿ ಬಿಗಿತ, ಕುತ್ತಿಗೆ ಬಿಗಿತ. ನಮ್ಮವ್ವ ಕರೆಮ್ಮನನ್ನು ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾಳೆ. ಕುತ್ತಿಗೆ ಒಂದನ್ನೇ ತಿರುಗಿಸಿದ್ದನ್ನು ನಾನು ನೋಡಿ ಎಷ್ಟೋ ವರ್ಷಗಳಾದವು.

ಮಹಾಂತೇಶ ನಮ್ಮೂರಿಗೆ ಮೊದಲು ಬಂದದ್ದೇ ಈ ನೀರಿಗಾಗಿ. ಆಗ ಅವರು ಪಿಎಚ್‌ಡಿ ಮಾಡುತ್ತಿದ್ದರು. ಸಂಡೂರಿನ ಗಣಿಯ ಕೆಂಪು ಕೆಸರಿನಿಂದ ಕಬ್ಬಿಣ ತೆಗೆದು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೊ ಪುಡಿ ಮಾಡಿ, ಅದರಿಂದ ನೀರಿನ ಫ್ಲೋರೈಡ್ ಹಿಡಿಯುವುದು ಅವರ ವಿಷಯ. ಕ್ಯಾನು ಹಿಡಿದು ನೀರು ಒಯ್ಯಲು ಬರುತ್ತಿದ್ದರು. ಇಷ್ಟು ನೀರು ಯಾರಿಗೆ ಬೇಕು ಅನ್ನುವಷ್ಟು ಸಲ ಬಂದರು. ನಮ್ಮ ಕಟ್ಟೆಯ ಮೇಲೆ ಕೂತು ಗಾಜಿನ ನಳಿಗೆಯನ್ನು ಬಿಸಿಲಿಗೆ ಹಿಡಿದು, "ನೋಡ್ರಿ ಗಂಗಾ, ನೋಡ್ರಿಲ್ಲಿ" ಎಂದು ಏನೇನೋ ಹೇಳುತ್ತಿದ್ದರು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರ ಮುಖದ ಮೇಲೆ ಒಂದು ಬೆಳಕು ಬರುತ್ತಿತ್ತು, ಅದನ್ನು ನೋಡುತ್ತಾ ಹೂಂಗುಟ್ಟುತ್ತಿದ್ದೆ. ಕೊನೆಗೆ ನೀರಿನ ಜೊತೆ ನನ್ನನ್ನೂ ಕರೆದುಕೊಂಡು ಹೋದರು.

ಆ ಪುಡಿ ಮಾತ್ರ ನಮ್ಮೂರ ನೀರಿಗೆ ಒಲಿಯಲೇ ಇಲ್ಲ. ಲ್ಯಾಬಿನ ಶುದ್ಧ ನೀರಿಗೆ ಫ್ಲೋರೈಡ್ ಬೆರೆಸಿ ಕೊಟ್ಟರೆ ಗಟಗಟ ಹೀರುತ್ತಿತ್ತು. ಬುಕ್ಕಸಾಗರದ ನೀರು ಕೊಟ್ಟರೆ ಕೈಚೆಲ್ಲಿ ಕೂರುತ್ತಿತ್ತು. ವರ್ಷಗಟ್ಟಲೆ ಗುದ್ದಾಡಿದರು. ಹೇಗೋ ಬೇರೇನೋ ಸೇರಿಸಿ ಪಿಎಚ್‌ಡಿ ಮುಗಿಸಿ, ಹೊಸಪೇಟೆಯ ಡಿಗ್ರಿ ಕಾಲೇಜಿನಲ್ಲಿ ಹುಡುಗರಿಗೆ ಉಪ್ಪು ಕೊಟ್ಟು ಇದರಲ್ಲಿ ಏನಿದೆ ಕಂಡುಹಿಡಿ ಅನ್ನುವ ಕೆಲಸಕ್ಕೆ ಸೇರಿದರು. ಕಾರಣ ಗೊತ್ತಾದದ್ದು ಅದಾದ ಮೇಲೆ. ಗದ್ದೆಗೆ ಸುರಿಯುವ ಡಿಎಪಿ ಗೊಬ್ಬರದ ಫಾಸ್ಫೇಟ್ ಬೋರ್‌ವೆಲ್ಲಿಗೆ ಇಳಿಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೆ ಆ ಫಾಸ್ಫೇಟ್ ಪುಡಿಯ ಮೇಲಿನ ಜಾಗವನ್ನೆಲ್ಲ ಮೊದಲೇ ಹಿಡಿದುಬಿಡುತ್ತಿತ್ತು. ಫ್ಲೋರೈಡ್ ನಿಂತೇ ಹೋಗಬೇಕು. ಆದರೆ ಆ ಹೊತ್ತಿಗೆ ಗೈಡು ರಿಟೈರ್ ಆಗಿದ್ದರು. ಕೈಗೂಡದ ಕೆಲಸದ ಬಗ್ಗೆ ಬರೆದರೆ ಯಾರು ಅಚ್ಚು ಹಾಕುತ್ತಾರೆ ಎಂದು ಇವರೂ ಬರೆಯಲಿಲ್ಲ. "ನಿಮ್ಮೂರ ನೀರು ನನ್ನ ಮುಳುಗಿಸ್ತು" ಎಂದು ಮೊದಮೊದಲು ನಗುತ್ತಾ ಅನ್ನುತ್ತಿದ್ದರು. ಆಮೇಲೆ ಆಮೇಲೆ ನಗು ಬಿಟ್ಟು ಅನ್ನತೊಡಗಿದರು.

ಪಲ್ಲವಿ ಅದೇ ಲ್ಯಾಬಿನಲ್ಲಿ ಇವರ ಜೂನಿಯರ್. ಸಂಡೂರಿನ ಹತ್ತಿರದ ಯಶವಂತನಗರದವಳು, ಅಪ್ಪ ಗಣಿ ಲಾರಿ ಓಡಿಸುತ್ತಿದ್ದ. ಗೈಡು ಇವರಿಗೆ ಕೊಟ್ಟ ಕೆಲಸವನ್ನೇ ಇವಳಿಗೂ ಕೊಟ್ಟಿದ್ದರು. ಇವಳು ತನ್ನೂರಿನ ನೀರು ತಂದಳು. ಗಣಿ ಗುಡ್ಡದ ಊರಿನಲ್ಲಿ ಗದ್ದೆಯೆಲ್ಲಿ, ಡಿಎಪಿ ಎಲ್ಲಿ? ಪುಡಿ ಫ್ಲೋರೈಡನ್ನು ಎಳೆದೆಳೆದು ಹಿಡಿಯಿತು. ಪ್ರಬಂಧ ಬಂತು, ಬಹುಮಾನ ಬಂತು, ಕೊರಿಯಾಕ್ಕೆ ಹೋದಳು, ಬಂದಳು, ಯೂನಿವರ್ಸಿಟಿಯ ಸಂಡೂರು ಕೇಂದ್ರದಲ್ಲಿ ಪ್ರೊಫೆಸರ್ ಆದಳು. ಅವಳಿಗೆ ತವರು ಕೈ ಹಿಡಿಯಿತು, ಇವರಿಗೆ ಅತ್ತೆಮನೆ ಕೈ ಕೊಟ್ಟಿತು, ಅಷ್ಟೇ ವ್ಯತ್ಯಾಸ. "ಅಕಿ ನಿಮ್ಮ ಕೆಲಸ ಕದ್ದಾಳೇನು?" ಎಂದು ಒಮ್ಮೆ ನೇರವಾಗಿಯೇ ಕೇಳಿದೆ. "ಇಲ್ಲ, ಕದ್ದಿಲ್ಲ" ಅಂದರು ಮುಖ ಸಣ್ಣದು ಮಾಡಿ. ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನುವಂತಿತ್ತು ಆ ಮುಖ.

ಹೀಗಿರುವಾಗ ಬೇಸಿಗೆಯ ಶುರುವಿನಲ್ಲಿ ನನ್ನ ತಮ್ಮ ವಿಜಯಕುಮಾರ್ ಫೋನ್ ಮಾಡಿದ. ಅವನು ಪಂಚಾಯ್ತಿ ಮೆಂಬರ್. ದನಿಯಲ್ಲಿ ಲಗ್ನದ ಸಂಭ್ರಮ.

"ಅಕ್ಕಾ, ನಮ್ಮ ಓಣಿಗೆ ನೀರಿನ ಘಟಕ ಬರ್ತೈತಿ! ಯೂನಿವರ್ಸಿಟಿಯಿಂದ ಪಲ್ಲವಿ ಮೇಡಮ್ ತರ್ತಾರ. ಮಾವಾರಿಗೆ ಗುರುತು ಅದಾರಂತಲ್ಲ?"

ಗುರುತು! ಅದರ ಮಾತು ಬೇಡ ಎಂದು, ಘಟಕದ ಬಗ್ಗೆ ಹೇಳು ಅಂದೆ. ಘಟಕ ಇರುವುದು ಒಂದೇ. ಜಿಲ್ಲೆಯ ಸಾಹೇಬರ ಎದುರು ನಮ್ಮೂರಲ್ಲೇ ಪರೀಕ್ಷೆ. ಪಾಸಾದರೆ ನಮಗೆ, ಇಲ್ಲದಿದ್ದರೆ ಕಂಪ್ಲಿ ಕಡೆಯ ಇನ್ನೊಂದು ಊರಿನವರು ಕಾಯುತ್ತಿದ್ದಾರೆ, ಅಲ್ಲಿಗೆ. "ಈ ಸಲ ತಪ್ಪಿತಂದ್ರ ಮತ್ತ ಯಾವ ಕಾಲಕ್ಕೋ ಅಕ್ಕ" ಅಂದ. ಅವನ ಮಗಳು ಭವ್ಯಾಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದವು. ಮುಂದಿನೆರಡಕ್ಕೆ ಆಗಲೇ ಕಂದು ಗೆರೆ. ನಗು ಬಂದರೆ ಕೈ ಅಡ್ಡ ಹಿಡಿಯುತ್ತದೆ ಆ ಕೂಸು. ಉಳಿದ ಹಲ್ಲುಗಳಾದರೂ ಬೆಳ್ಳಗೆ ಬರಲಿ ಎಂದು ನಾನು ಕಾಣದ ದೇವರಿಗೆಲ್ಲ ಕೈ ಮುಗಿದೆ.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕರು. "ಇನ್ನೊಂದು ರೊಟ್ಟಿ ಹಾಕು" ಅಂದರು, ಪುಂಡಿಪಲ್ಯ ಮತ್ತೆ ಬಡಿಸಿಕೊಂಡರು, ಕೈ ತೊಳೆಯುತ್ತಾ ಹಾಡು ಗುನುಗಿದರು. ನನ್ನ ಕಿವಿ ನೆಟ್ಟಗಾಯಿತು.

"ರೀ, ಅಕಿ ಪುಡಿ ನಮ್ಮೂರ ನೀರಿಗೆ ನಡೀತೈತೇನು?"

"ಪ್ರೊಫೆಸರ್ ಅದಾಳ. ಅಕಿಗೆ ಗೊತ್ತಿರಬೇಕು."

"ನಾ ಕೇಳಾಕತ್ತಿದ್ದು ನಿಮ್ಮನ್ನ."

"ನನ್ನ ಯಾರು ಕೇಳ್ಯಾರ ಗಂಗಾ? ವರ್ಷಗಟ್ಟಲೆ ಆ ನೀರಿನ ಜೋಡಿ ಗುದ್ದಾಡೀನಿ. ಅಕಿ ಒಂದ ಮಾತು ಕೇಳಿದ್ಲೇನು? ಕೇಳಿದ್ರ ಹೇಳ್ತಿದ್ದೆ."

"ನೀವ ಫೋನ್ ಹಚ್ಚಿ ಹೇಳ್ರಿ ಹಂಗಾದ್ರ."

"ಕೇಳದೋರಿಗೆಲ್ಲ ಹೇಳಾಕ ನಾನೇನು ಆಕಾಶವಾಣಿಯೇನು?"

"ನಮ್ಮವ್ವನ ಊರು ರೀ ಅದು!"

"ನನ್ನ ಸಂಶೋಧನಿ ಸತ್ತಿದ್ದೂ ಅದ ಊರಾಗ."

ಜಗಳ ಹತ್ತಿತು. ಪಾತ್ರೆಗಳು ಮಾತಾಡಿದವು. ಕೊನೆಗೆ ಇವರು ನಿಜ ಕಕ್ಕಿದರು. ಪರೀಕ್ಷೆಯಲ್ಲಿ ಗ್ಲಾಸಿನ ನೀರಿಗೆ ಒಂದು ಔಷಧಿಯ ಹನಿ ಹಾಕುತ್ತಾರಂತೆ. ಫ್ಲೋರೈಡ್ ಇದ್ದರೆ ಹಳದಿ, ಇಲ್ಲದಿದ್ದರೆ ಗುಲಾಬಿ. "ಒಂದ ಸಲ, ಗಂಗಾ" ಅಂದರು. "ನಾಕು ಮಂದಿ ಮುಂದ ಅಕಿ ಗ್ಲಾಸು ಹಳದಿ ಆಗೋದ ಒಂದ ಸಲ ನೋಡಬೇಕು ನಾನು. ಆಮ್ಯಾಲ ಏನು ಮಾಡಬೇಕಂತ ನಾನ ಹೇಳಿಕೊಡ್ತೀನಿ."

"ಅಷ್ಟೊತ್ತಿಗೆ ಘಟಕ ಕಂಪ್ಲಿಗೆ ಹೋಗಿರ್ತೈತಿ."

"ಮತ್ತ ಬರ್ತೈತಿ ಬಿಡು."

ನನ್ನ ಗಂಡ ಕೆಟ್ಟವರಲ್ಲ. ಬೀದಿ ನಾಯಿಗೂ ನೀರಿಡುವ ಮನುಷ್ಯ. ಅಂಥವರನ್ನು ಹೊಟ್ಟೆಕಿಚ್ಚು ಇಲ್ಲಿಗೆ ತಂದಿತ್ತು. ನನಗೆ ಇವರ ಮೇಲೆ ಬಂದ ಸಿಟ್ಟಿಗಿಂತ ಅವಳ ಮೇಲೆ ಬಂದ ಸಿಟ್ಟೇ ಹೆಚ್ಚು. ಯಾಕೆ ಎಂದು ಕೇಳಬೇಡಿ, ಅದು ಹಾಗೆಯೇ.

ಈಗ ನೀವು ಅನ್ನಬಹುದು, ನೀನೇ ಅವಳಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ ತಾಯಿ ಎಂದು. ಹೌದು, ಮುಗಿಯುತ್ತಿತ್ತು. ಗಂಡನ ಫೋನ್ ತೆಗೆದು ಆ ಹೆಸರಿನ ಮೇಲೆ ಬೆರಳು ಇಟ್ಟೆ ಕೂಡ. ಒತ್ತಲು ಆಗಲಿಲ್ಲ. "ಥ್ಯಾಂಕ್ಸ್ ಅಕ್ಕಾ" ಅನ್ನುತ್ತಾಳೆ. ನನ್ನ ಗಂಡ ಇಷ್ಟು ವರ್ಷ ಸೋತು ಕಲಿತದ್ದನ್ನು ಒಂದು ಫೋನಿನಲ್ಲಿ ಬಸಿದುಕೊಂಡು ಇನ್ನೊಂದು ಬಹುಮಾನ ಹೊಡೆಯುತ್ತಾಳೆ. ಇವರು ಆಮೇಲೆ ನನ್ನ ಮುಖ ನೋಡುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ, ಆ ದನಿಗೆ ನಾನು ಹಲೋ ಅನ್ನಬೇಕೇ? ಪ್ರಾಣ ಹೋದರೂ ಇಲ್ಲ. ನಮ್ಮೂರಿಗೆ ನೀರು ಬೇಕು, ಅವಳ ಹಂಗು ಬೇಡ, ಗಂಡನ ಮನಸ್ಸೂ ಮುರಿಯಬಾರದು. ಇದಕ್ಕೆ ನನ್ನದೇ ಒಂದು ದಾರಿ ಹುಡುಕಿದೆ.

ನಮ್ಮ ಕಡೆ ಹೊಸ ಬಾವಿಯಾಗಲಿ ನಲ್ಲಿಯಾಗಲಿ ಗಂಗಿ ಪೂಜೆ ಮಾಡದೆ ಯಾರೂ ಮುಟ್ಟುವುದಿಲ್ಲ. ಮುತ್ತೈದೆಯರು ಕೊಡಗಳಿಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ನೀರು ತುಂಬಿಕೊಂಡು ಬರಬೇಕು. ಆ ನೀರು ಹೊಳೆಯದೇ ಆಗಬೇಕು, ಬೋರ್‌ವೆಲ್ ನೀರು ಪೂಜೆಗೆ ನಡೆಯುವುದಿಲ್ಲ. ಹೊಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ, ಇಷ್ಟು ರಸಾಯನಶಾಸ್ತ್ರ ಗಂಡನ ಬಾಯಿಂದ ಕೇಳಿ ಕೇಳಿ ನನಗೂ ಬಂದಿತ್ತು. ತಮ್ಮನಿಗೆ ಫೋನ್ ಮಾಡಿ, "ಪೂಜಿ ಮಾಡಿದ ಕೊಡದ ನೀರನ್ನ ಘಟಕದ ಟ್ಯಾಂಕಿಗೆ ಹಾಕ್ರಿ, ಶುಭ ಆಗ್ತೈತಿ" ಅಂದೆ. "ಆತಕ್ಕ, ಚಲೋ ಮಾತು" ಅಂದ ಪಾಪ. ಒಳ್ಳೆಯ ನೀರು ಒಳಗೆ ಹೋಗುತ್ತದೆ, ಒಳ್ಳೆಯ ನೀರು ಹೊರಗೆ ಬರುತ್ತದೆ, ಗ್ಲಾಸು ಗುಲಾಬಿಯಾಗುತ್ತದೆ, ಸಾಹೇಬರು ಸಹಿ ಹಾಕುತ್ತಾರೆ. ಘಟಕ ಒಮ್ಮೆ ಊರಲ್ಲಿ ಕೂತ ಮೇಲೆ ಅವಳೋ ಇವರೋ ತಲೆ ಕೆಡಿಸಿಕೊಂಡು ರಿಪೇರಿ ಮಾಡಲಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಪರೀಕ್ಷೆಯ ದಿನ ಭಾನುವಾರ. ಇವರು ಲಗ್ನಕ್ಕೆ ಹಾಕುವ ಅಂಗಿಗೆ ಇಸ್ತ್ರಿ ಮಾಡಿಸಿ ಹಾಕಿಕೊಂಡರು, ಗಡ್ಡ ಎರಡು ಸಲ ಹೆರೆದುಕೊಂಡರು. ಕಂಪ್ಲಿ ಬಸ್ಸಿನಲ್ಲಿ ಹೋದೆವು. ಹಂಪಿ ನೋಡಲು ಬಂದ ಜನ ಕಮಲಾಪುರದಲ್ಲಿ ಇಳಿದ ಮೇಲೆ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಇವರದು ಹಾಡು.

ಬೇವಿನ ಮರದ ಕೆಳಗೆ ಟ್ರೇಲರಿನ ಮೇಲೆ ಘಟಕ ನಿಂತಿತ್ತು, ನೀಲಿ ಟ್ಯಾಂಕು, ಪಕ್ಕದಲ್ಲಿ ಪುಡಿ ತುಂಬಿದ ಕಂಬದಂಥ ಸಿಲಿಂಡರು. ಅವ್ವ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದಳು. ಕಿಟಕಿಯವರೆಗೂ ಸಂಡೂರಿನ ಕೆಂಪು ಧೂಳು ಹತ್ತಿದ ಬಿಳಿ ಕಾರಿನಿಂದ ಪಲ್ಲವಿ ಇಳಿದಳು. ಫೋಟೊ ನೋಡಿ ನಾನು ಯಾರನ್ನೋ ಊಹಿಸಿಕೊಂಡಿದ್ದೆ. ಬಂದವಳು ಎಣ್ಣೆ ಹಚ್ಚಿ ಜಡೆ ಹಾಕಿದ, ಹವಾಯಿ ಚಪ್ಪಲಿಯ ಹೆಂಗಸು. ಪೇಪರಿನ ಫೋಟೊಗಳಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಇಲ್ಲಿ ಬಾಯಿ ತುಂಬ ನಕ್ಕಳು. ಅವಳ ಹಲ್ಲಿನ ತುಂಬ ಅದೇ ಕಂದು ಗೆರೆಗಳು. ಭವ್ಯ ಅದನ್ನೇ ನೋಡುತ್ತಾ ನಿಂತು, ತನ್ನ ಬಾಯಿಗೆ ಹಿಡಿದ ಕೈ ಇಳಿಸಿತು.

"ಅಣ್ಣಾ! ನೀವು ಬಂದ್ರಿ, ನನಗ ಭಾಳ ಧೈರ್ಯ ಬಂತು ನೋಡ್ರಿ" ಎಂದು ನೇರ ನನ್ನ ಗಂಡನ ಹತ್ತಿರ ಬಂದಳು. ಇವರು "ಹೂಂ" ಅಂದರು. "ಅಕ್ಕಾ, ಆರಾಮ ಅದೀರೇನ್ರಿ?" ಅಂದಳು ನನಗೆ. ನಾನೂ "ಹೂಂ" ಅಂದೆ. ಅಣ್ಣನಂತೆ, ಅಕ್ಕನಂತೆ! ಹಾಗೆ ಕರೆದಾಕ್ಷಣ ಹೊಟ್ಟೆಯ ಉರಿ ಆರುತ್ತದೆಯೇ?

ಸಾಹೇಬರು ಬಂದರು. ಕೊಡಗಳು ಬಂದವು. ಪೂಜೆ ಆಯಿತು, ಕಾಯಿ ಒಡೆದರು. ವಿಜಯಕುಮಾರ್ ಕೊಡಗಳ ನೀರನ್ನು ತಾನೇ ಟ್ಯಾಂಕಿಗೆ ಸುರಿದ. ಎಲ್ಲ ನಾನು ಅಂದುಕೊಂಡಂತೆಯೇ ನಡೆಯಿತು. ಆಮೇಲೆ ಪಲ್ಲವಿ ಯಂತ್ರ ಶುರು ಮಾಡುವ ಬದಲು ಟ್ಯಾಂಕಿನಿಂದಲೇ ಒಂದು ಗ್ಲಾಸು ನೀರು ತೆಗೆದು ಹನಿ ಹಾಕತೊಡಗಿದಳು.

"ಇದೇನ ಮಾಡಾಕತ್ತಾಳ ಅಕಿ?" ಎಂದು ತಮ್ಮನನ್ನು ಕೇಳಿದೆ.

"ಮೊದ್ಲು ಒಳಗ ಹೋಗೋ ನೀರು ನೋಡ್ತಾರಕ್ಕ. ಎಷ್ಟೈತಿ ಅಂತ ಗೊತ್ತಾದ್ರ ಅಲ್ಲೇನು ಎಷ್ಟು ಹೋತು ಅಂತ ಹೇಳೋದು?"

ಇಷ್ಟು ಸಣ್ಣ ಸಂಗತಿ, ನನಗೆ ಹೊಳೆದೇ ಇರಲಿಲ್ಲ.

ಗ್ಲಾಸು ಗುಲಾಬಿಯಾಗಿಯೇ ಉಳಿಯಿತು. ಚಂದದ, ಮದುಮಗಳ ಸೀರೆಯಂಥ ಗುಲಾಬಿ. ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನ್ ಮೇಡಮ್ ಇದು? ಈ ಊರಿನ ನೀರಲ್ಲಿ ಫ್ಲೋರೈಡೇ ಇಲ್ಲವಲ್ಲ. ಚೆನ್ನಾಗಿರೋ ನೀರಿಗೆ ಘಟಕ ಯಾಕೆ?" ಎಂದು, ಡ್ರೈವರನ ಕಡೆ ತಿರುಗಿ, "ಇಳಿಸಬೇಡಪ್ಪ, ಕಂಪ್ಲಿ ಕಡೆ ತಿರುಗಿಸು" ಅಂದರು.

ಗದ್ದಲವೆದ್ದಿತು. ಅವ್ವ ಕುರ್ಚಿಯಿಂದ ಎದ್ದು ಇಡೀ ಮೈ ತಿರುಗಿಸಿ ಸಾಹೇಬರನ್ನು ನೋಡಿದಳು. "ನೀರು ಚಲೋ ಐತೇನ್ರಿ? ಹಂಗಾದ್ರ ನನ್ನ ಕುತ್ತಿಗಿ ಸುಳ್ಳೇನ್ರಿ ಸಾಹೇಬ್ರ?" ಅಂದಳು. ಸಾಹೇಬರು ನೆಲ ನೋಡಿದರು. ಪಲ್ಲವಿ ಗ್ಲಾಸನ್ನೇ ನೋಡುತ್ತಾ ಕಲ್ಲಾಗಿ ನಿಂತಿದ್ದಳು. ಬಾಯಿಬಿಟ್ಟರೆ ಊರ ಮುಂದೆ ನಾನು ಮೋಸಗಾತಿ, ತಮ್ಮನ ಮೆಂಬರ್‌ಗಿರಿಗೂ ಮಸಿ. ಬಿಡದಿದ್ದರೆ ಘಟಕ ಹೋಗುತ್ತದೆ. ಟ್ರೇಲರಿನ ಇಂಜಿನ್ ಶುರುವಾಯಿತು.

ಆಗ ನನ್ನ ಗಂಡ ಜನರನ್ನು ತಳ್ಳಿಕೊಂಡು ಮುಂದೆ ಬಂದರು. ಪಲ್ಲವಿಯ ಕೈಯಿಂದ ಗ್ಲಾಸು ಕಿತ್ತುಕೊಂಡು ಬಿಸಿಲಿಗೆ ಹಿಡಿದರು.

"ಇದು ಬುಕ್ಕಸಾಗರದ ನೀರಲ್ಲ" ಅಂದರು. "ಇದು ಹೊಳಿ ನೀರು. ಪೂಜಿಗೆ ತಂದಿದ್ದು ಇದಕ್ಕ ಹಾಕ್ಯಾರ, ಗೊಂದಲ ಆಗೈತ್ರಿ ಸಾಹೇಬ್ರ. ಈ ಊರ ನೀರು ಹೆಂಗೈತಂತ ನನಗ ಗೊತ್ತಿಲ್ಲೇನ್ರಿ? ಬಂದ್ ಮಾಡೋ ಇಂಜಿನ್!"

ಅವರ ಗಂಟಲಲ್ಲಿ ಅಂಥ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ತಾವೇ ಕೊಡ ಎತ್ತಿಕೊಂಡು ಬೋರ್‌ವೆಲ್ಲಿನ ನಲ್ಲಿಗೆ ಹೋಗಿ ತುಂಬಿ ತಂದರು. ಲಗ್ನದ ಅಂಗಿಯೆಲ್ಲ ಒದ್ದೆ. ಹನಿ ಹಾಕಿದ್ದೇ ತಡ, ಗ್ಲಾಸು ಅರಿಶಿನದಷ್ಟು ಹಳದಿಯಾಯಿತು. ಸಾಹೇಬರು, "ಓಹೋ" ಅಂದರು. ಊರಿಗೆ ಜೀವ ಬಂತು. ಪಲ್ಲವಿ ನಗುತ್ತಾ ಹೊಸ ನೀರನ್ನು ಯಂತ್ರಕ್ಕೆ ಬಿಡಲು ಹೋದಳು.

ನನ್ನ ಗಂಡ ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕಿತ್ತು. ಕನಸು ಕೈಯಲ್ಲೇ ಇತ್ತು. ಸಾಹೇಬರಿದ್ದರು, ಊರಿತ್ತು, ಪೇಪರಿನವರೂ ಇದ್ದರು. ಅವಳ ಗ್ಲಾಸು ಎಲ್ಲರ ಮುಂದೆ ಹಳದಿಯಾಗುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಅವ್ವನ ಕಡೆ ನೋಡಿದರು, ಹಳದಿ ಗ್ಲಾಸನ್ನು ನೋಡಿದರು.

"ನಿಲ್ಲು ಪಲ್ಲವಿ" ಅಂದರು. "ಬಿಡಬ್ಯಾಡ. ಹಳದೀನ ಬರ್ತೈತಿ. ಈ ನೀರಾಗ ಡಿಎಪಿ ಐತಿ. ಫಾಸ್ಫೇಟ್ ಮೊದ್ಲು ಕುಂತುಬಿಡ್ತೈತಿ, ನಿನ್ನ ಪುಡಿಗೆ ಜಾಗಾನ ಉಳಿಯಂಗಿಲ್ಲ."

ಅವಳು ನಂಬಲಿಲ್ಲ. ಚೂರು ನೀರು ಬಿಟ್ಟು ನೋಡಿಯೇ ನೋಡಿದಳು. ಹಳದಿಯೇ ಬಂತು. ಗ್ಲಾಸು ಕೆಳಗಿಟ್ಟು ಇವರ ಕಡೆ ತಿರುಗಿದಳು.

"ಇದು ನಿಮಗ ಮೊದಲ ಗೊತ್ತಿತ್ತೇನಣ್ಣ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನನ್ನ ಯಾರು ಕೇಳಿದ್ರು?" ಅಂದರು. ಇಷ್ಟು ವರ್ಷದ ಸಂಕಟವೆಲ್ಲ ಆ ಒಂದು ಮಾತಿನಲ್ಲಿತ್ತು.

"ನಾ ಕೇಳಾಕ ಫೋನ್ ಹಚ್ಚಿದ್ನಲ್ಲಣ್ಣ!" ಅಂದಳು ಪಲ್ಲವಿ. ಕಣ್ಣಲ್ಲಿ ನೀರು. "ಬುಕ್ಕಸಾಗರ ಅಂತ ಗೊತ್ತಾದ ಕೂಡ್ಲೆ, ಈ ನೀರು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲಂತ ಎಷ್ಟು ಸಲ ಹಚ್ಚಿದೆ. ಪ್ರತಿ ಸಲ ಕಟ್ ಮಾಡಿದ್ರಿ. ನನ್ನ ಮ್ಯಾಲ ಸಿಟ್ಟೈತಿ ಅಂತ ಸುಮ್ಮನಾದೆ."

ಮಹಾಂತೇಶ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಅವರ ಫೋನ್ ಮುಟ್ಟುವವರು ಮನೆಯಲ್ಲಿ ಇನ್ನು ಯಾರಿದ್ದಾರೆ? ನಾನು ಆರತಿ ತಟ್ಟೆಯಲ್ಲಿ ಚೆಲ್ಲಿದ್ದ ಕುಂಕುಮವನ್ನು ಬೆರಳಿನಿಂದ ಗುಡ್ಡೆ ಮಾಡುತ್ತಾ ನಿಂತೆ. ಭೂಮಿ ಬಾಯಿಬಿಟ್ಟಿದ್ದರೆ ತಟ್ಟೆಯ ಸಮೇತ ಇಳಿಯುತ್ತಿದ್ದೆ.

"ನಮ್ಮನ್ಯಾಗ ನೆಟ್‌ವರ್ಕ್ ಸರಿ ಇಲ್ಲ ಪಲ್ಲವಿ" ಅಂದರು ಅವಳಿಗೆ.

ಸಾಹೇಬರಿಗೆ ಇದೆಲ್ಲ ಬೇಕಿರಲಿಲ್ಲ. "ಈಗ ಇದು ನಡೆಯುತ್ತೋ ಇಲ್ಲವೋ, ಅಷ್ಟು ಹೇಳಿ" ಅಂದರು. "ಮುಂದ ಇನ್ನೊಂದು ಡ್ರಮ್ ಇಟ್ರ..." ಎಂದು ನನ್ನ ಗಂಡ ಶುರು ಮಾಡಿದರು. "...ಫಾಸ್ಫೇಟ್ ಅಲ್ಲೇ ಹಿಡೀಬಹುದು!" ಎಂದು ಅವಳು ಮುಗಿಸಿದಳು. ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ಸಾಹೇಬರು ಕೈಯೆತ್ತಿ ನಿಲ್ಲಿಸಬೇಕಾಯಿತು. ಮಳೆಗಾಲದಲ್ಲಿ ಗದ್ದೆಯ ಕಾಲುವೆಗೆ ನೀರು ಬಿಡುವವರೆಗೆ ಸಮಯ ಕೊಡುತ್ತೇನೆ, ಅಷ್ಟರಲ್ಲಿ ಗುಲಾಬಿ ತೋರಿಸಿ ಅಂದರು. ಘಟಕವನ್ನು ಇಳಿಸಿ ಬೇವಿನ ಕೆಳಗೇ ಇಟ್ಟು ತಾಡಪತ್ರಿ ಹೊದಿಸಿದರು. ವಿಜಯಕುಮಾರ್ ನನ್ನನ್ನು ಅಪ್ಪಿಕೊಂಡು, "ಮಾವ ಊರು ಉಳಿಸಿದ್ರಕ್ಕ" ಎಂದು ಅತ್ತ.

ಜನ ಚದುರಿದ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಟ್ಟೆಗೆ ಹಾಕಿಕೊಂಡು ಇವರನ್ನು ಹುಡುಕಿಕೊಂಡು ಹೋದೆ. ನಮ್ಮ ಕಟ್ಟೆಯ ಮೇಲೆ ಕೂತಿದ್ದರು, ಹಿಂದೆ ನನಗಾಗಿ ಕೂರುತ್ತಿದ್ದ ಅದೇ ಕಟ್ಟೆ. ಪಲ್ಲವಿ ಕಡ್ಡಿಯಿಂದ ಮಣ್ಣಿನಲ್ಲಿ ಏನೋ ಬರೆಯುತ್ತಿದ್ದಳು. ಇವರು ಗಾಜಿನ ನಳಿಗೆಯನ್ನು ಬಿಸಿಲಿಗೆ ಹಿಡಿದು, "ನೋಡು ಪಲ್ಲವಿ, ನೋಡಿಲ್ಲಿ" ಅಂದರು. ಅವಳು ನೋಡಿದಳು. ಅವರ ಮುಖವನ್ನಲ್ಲ, ನಳಿಗೆಯನ್ನು ನೋಡಿದಳು. ನೋಡಿ, "ಅಲ್ಲಣ್ಣ, ಹಂಗಲ್ಲ ಅದು, ತಪ್ಪು ಹೇಳಾಕತ್ತೀರಿ" ಎಂದು ವಾದಕ್ಕೆ ಬಿದ್ದಳು. ಇವರ ಮುಖದ ಮೇಲೆ ಆ ಬೆಳಕು ಬಂತು. ಮದುವೆಗೆ ಮುಂಚೆ ನಾನು ಕಂಡಿದ್ದ ಬೆಳಕು, ಮತ್ತೆ ಕಂಡೇ ಇರದಿದ್ದ ಬೆಳಕು.

ಆಗ ನನ್ನ ಹೊಟ್ಟೆಗೆ ಬಿದ್ದ ಬೆಂಕಿ, ಅಮ್ಮಾ! ಫೋನ್ ಕದ್ದು ನೋಡಿದ ದಿನಗಳಲ್ಲಿ ಉರಿದದ್ದು ಅದರ ಮುಂದೆ ಊದುಬತ್ತಿಯ ಕಿಡಿ. ಇಷ್ಟು ವರ್ಷ ಆ ಮುಖ ನೋಡಿ ಹೂಂಗುಟ್ಟಿದೆನೇ ಹೊರತು, ಆ ನಳಿಗೆಯಲ್ಲಿ ಏನಿದೆ ಎಂದು ಒಂದು ಸಲವೂ ನೋಡಿರಲಿಲ್ಲ ನಾನು. ಮಿರ್ಚಿ ಆರುವವರೆಗೂ ತಟ್ಟೆ ಹಿಡಿದು ನಿಂತೆ. ಇಬ್ಬರೂ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಕಮಲಾಪುರ ಬಂದಾಗ, "ಎಷ್ಟು ಸಲ ಕಟ್ ಮಾಡಿದಿ?" ಅಂದರು.

"ಲೆಕ್ಕ ಇಟ್ಟಿಲ್ಲ."

"ಹೊಳಿ ನೀರೂ ನಿಂದ ಅಲ್ಲೇನು ಕೆಲಸ?"

"ಹೂಂ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು, ನನ್ನ ಹತ್ತಿರವೂ ಬೇಕಾದಷ್ಟಿತ್ತು. "ಇನ್ನು ಮುಂದ ಕಟ್ ಮಾಡಬ್ಯಾಡ ಗಂಗಾ" ಎಂದಷ್ಟೇ ಅಂದರು.

ಕಾಲುವೆಗೆ ನೀರು ಬಿಡುವ ಮೊದಲೇ ಗ್ಲಾಸು ಗುಲಾಬಿಯಾಯಿತು. ಘಟಕದ ಮುಂದೆ ಈಗ ಇನ್ನೊಂದು ಡ್ರಮ್ ಇದೆ. ಅವ್ವನ ಕುತ್ತಿಗೆ ಮೊದಲಿನಂತಾಗುವುದಿಲ್ಲ, ಡಾಕ್ಟರೇ ಹೇಳಿದ್ದಾರೆ. ಆದರೆ ಭವ್ಯ ಆ ನೀರು ಕುಡಿಯುತ್ತದೆ. ನನ್ನ ಗಂಡ ಪ್ರತಿ ಶನಿವಾರ ಪಲ್ಲವಿಯ ಲ್ಯಾಬಿಗೆ ಹೋಗಿ, ಅಂಗಿಯ ತುಂಬ ಕೆಂಪು ಧೂಳು ಹತ್ತಿಸಿಕೊಂಡು ಬರುತ್ತಾರೆ. ಆ ಅಂಕಿಗಳ ಪುಟ ತೆಗೆಯುವುದನ್ನು ಬಿಟ್ಟಿದ್ದಾರೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಹಾಡುತ್ತಾರೆ. ಎಲ್ಲ ನಾನು ಬೇಡಿಕೊಂಡದ್ದೇ.

ಫೋನ್ ಮಾತ್ರ ಈಗಲೂ ಇವರು ಸ್ನಾನಕ್ಕೆ ಹೋದಾಗಲೇ ಬರುತ್ತದೆ. ಹೆಸರು ಮಿಣಮಿಣ ಹೊಳೆಯುತ್ತದೆ. ನನ್ನ ಹೆಬ್ಬೆರಳು ಕೆಂಪು ಗುಂಡಿಯ ಹತ್ತಿರ ಹೋಗುತ್ತದೆ, ವಾಪಸ್ಸು ಬರುತ್ತದೆ. ಬಚ್ಚಲಿನ ಬಾಗಿಲು ಬಡಿದು, "ರೀ, ಪಲ್ಲವಿ" ಅನ್ನುತ್ತೇನೆ. ಸೋಪು ಹತ್ತಿದ ಕೈಯೊಂದು ಹೊರಗೆ ಬಂದು ಫೋನ್ ತೆಗೆದುಕೊಳ್ಳುತ್ತದೆ. ಒಳಗೆ ಫಾಸ್ಫೇಟ್ ಅನ್ನುವುದು ಕೇಳಿಸುತ್ತದೆ, ಆಮೇಲೆ ನಗು ಕೇಳಿಸುತ್ತದೆ. ಫಾಸ್ಫೇಟಿನಲ್ಲಿ ಅಷ್ಟೊಂದು ನಗುವಂಥದ್ದು ಏನಿದೆ ಎಂದು ನಾನು ಹೊರಗೆ ಟವೆಲ್ ಹಿಡಿದು ನಿಂತಿರುತ್ತೇನೆ.